ಮೌನ ರೋಗಗಳೂ ಹಳ್ಳಿಯ ದಾದಿಯೂ

ಕಾಳಿ ನದಿಯ ದಂಡೆಯ ಮೇಲೆ, ಸಹ್ಯಾದ್ರಿಯ ಅಡವಿಯ ನಡುವೆ ಇರುವ ಕೈಗಾ ಎಂಬ ಸಣ್ಣ ಗ್ರಾಮದ ಹೆಸರು ಇಂದು ದೇಶದಲ್ಲೆಲ್ಲ ಕೇಳಿಬಂದಿದೆ. ಕಾರವಾರ ಪಟ್ಟಣದಿಂದ ಸುಮಾರು 50 ಕಿಲೋಮೀಟರು ಒಳನಾಡಿನಲ್ಲಿರುವ ಅಲ್ಲಿಯ ಅಣುವಿದ್ಯುತ್ ಸ್ಥಾವರದಲ್ಲಿ 220 ಮೆಗಾವ್ಯಾಟಿನ ನಾಲ್ಕು ಘಟಕಗಳಿವೆ. ಅವುಗಳಲ್ಲಿ ಮೊದಲನೆಯದು 2016ರ ಮೇ ತಿಂಗಳಿನಿಂದ 2018ರ ಡಿಸೆಂಬರ 31ರ ವರೆಗೆ, 962 ದಿನಗಳ ಪರ್ಯಂತ ಎಡೆಬಿಡದೆ ನಡೆದು, ಅಂದಿನ ಮಟ್ಟಿಗೆ ಲೋಕದ ದಾಖಲೆಯನ್ನೇ ಮೀರಿಸಿದ ಸಂಗತಿಯು ವಾಚಕರ ನೆನಪಿನಲ್ಲಿ ಇದ್ದೀತು. ಇದು ಸಾಧ್ಯವಾದದ್ದು ಹೇಗೆ? ಆ ಯಂತ್ರದ ಒಡಲಿನ ಶಾಖವನ್ನೂ ಒತ್ತಡವನ್ನೂ ಅಳೆಯದೆ ಬಿಟ್ಟ ಗಳಿಗೆಯೇ ಇರಲಿಲ್ಲ. ಮುಳ್ಳು ತುಸು ಅಲುಗಿದರೂ ನೋಡುವವನೊಬ್ಬನಿದ್ದನು, ಬರೆದಿಡುವವನೊಬ್ಬನಿದ್ದನು, ಹೀಗೇಕಾಯಿತೆಂದು ಕೇಳುವವನೊಬ್ಬನಿದ್ದನು. ಅಳತೆ, ಬರಹ, ವಿಚಾರಣೆ ಎಂಬ ಈ ಮೂರರ ಮೇಲೆಯೇ ಆ ಮಹಾಯಂತ್ರವು ಸುರಕ್ಷಿತವಾಗಿ ನಿಂತಿದೆ.

ಹಾಗಾದರೆ ಆ ಸ್ಥಾವರದ ನೆರೆಯಲ್ಲಿರುವ ಕದ್ರಾ, ಮಲ್ಲಾಪುರ, ವಿರ್ಜೆ ಗ್ರಾಮಗಳಲ್ಲಿ, ಅತ್ತ ಅಂಕೋಲೆ ತಾಲೂಕಿನ ಅಚವೆ, ಹಿಲ್ಲೂರು, ಸುಂಕಸಾಳಗಳಲ್ಲಿ ವಾಸಿಸುವ ಐವತ್ತು ವರ್ಷದ ಒಕ್ಕಲಿಗನ ನಾಳಗಳಲ್ಲಿ ರಕ್ತವು ಎಷ್ಟು ಒತ್ತಡದಿಂದ ಹರಿಯುತ್ತಿದೆಯೆಂಬುದನ್ನು ಅಳೆದವರು ಯಾರು? ಅಳೆದುದನ್ನು ಬರೆದಿಟ್ಟವರು ಯಾರು? ಮುಂದಿನ ತಿಂಗಳು ಅವನ ಅಂಗಳಕ್ಕೆ ಹೋಗಿ, 'ಈಗ ಹೇಗಿದ್ದೀರಿ?' ಎಂದು ಕೇಳುವವರು ಯಾರು? ದೀಪದ ಬುಡದಲ್ಲಿ ಕತ್ತಲೆ ಎಂಬ ಗಾದೆಯು ಇಲ್ಲಿ ಸತ್ಯವಾಗಬಾರದೆಂದು ನಾವು ಬಯಸುತ್ತೇವೆ. ಆದುದರಿಂದಲೇ ಇಂದು ಈ ವಿಷಯವನ್ನು ವಾಚಕರ ಮುಂದಿಡುತ್ತಿದ್ದೇವೆ.

ಹಿಂದಿನ ಕಾಲದಲ್ಲಿ ಈ ಸೀಮೆಯ ಶತ್ರು ಬೇರೆಯಾಗಿತ್ತು. ಚಳಿಜ್ವರವು ಘಟ್ಟದ ಹಳ್ಳಿಗಳನ್ನು ಕಾಡುತ್ತಿದ್ದ ಕಥೆಯನ್ನು ಹಿರಿಯರ ಬಾಯಲ್ಲಿ ಈಗಲೂ ಕೇಳಬಹುದು. ಮುಂಬಯಿ ಪ್ರಾಂತದಲ್ಲಿದ್ದ ಉತ್ತರ ಕನ್ನಡ ಮತ್ತು ಧಾರವಾಡ ಜಿಲ್ಲೆಗಳ ಹಳ್ಳಿಗಳಲ್ಲಿ 1946ರಲ್ಲಿ ಡಾಕ್ಟರ ಡಿ. ಕೆ. ವಿಶ್ವನಾಥನ್ ಅವರ ನೇತೃತ್ವದಲ್ಲಿ ಮನೆಮನೆಯ ಗೋಡೆಗೆ ಡಿ.ಡಿ.ಟಿ. ಸಿಂಪಡಿಸಿ ಮಲೇರಿಯವನ್ನು ಹಿಮ್ಮೆಟ್ಟಿಸಿದ ಕಾರ್ಯವು ನಮ್ಮ ದೇಶದ ಆರೋಗ್ಯದ ಇತಿಹಾಸದಲ್ಲಿ ಸ್ಮರಣೀಯವಾದುದು. ಆದರೆ ಒಂದು ಮಾತು. ಆ ಶತ್ರುವು ಬಾಗಿಲು ಬಡಿದೇ ಒಳಗೆ ಬರುತ್ತಿದ್ದಿತು. ನಡುಕ ಹುಟ್ಟಿಸಿ, ಮೈಸುಟ್ಟು, ತಾನು ಬಂದೆನೆಂದು ಸಾರಿ ಹೇಳುತ್ತಿದ್ದಿತು. ಇಂದಿನ ಶತ್ರುಗಳು ಹಾಗಲ್ಲ. ರಕ್ತದೊತ್ತಡ, ಮಧುಮೇಹ, ದೀರ್ಘಕಾಲದ ಉಬ್ಬಸ, ಮೂತ್ರಪಿಂಡದ ವಿಕಾರ, ಅರ್ಬುದ ಇವೇ ಮೊದಲಾದವು ಸದ್ದಿಲ್ಲದೆ ಮನೆಯೊಳಗೆ ಬಂದು ವರ್ಷಗಟ್ಟಲೆ ಉಂಡು ಮಲಗಿದ್ದು, ಒಂದು ದಿನ ಯಜಮಾನನನ್ನೇ ಕೆಡವಿಬಿಡುತ್ತವೆ. ಇವು ಬಂದರೆ ಹೋಗುವ ರೋಗಗಳಲ್ಲ. ಇವುಗಳೊಡನೆ ಬಾಳುವುದನ್ನು ಕಲಿಯಬೇಕು. ಹಾಗೆ ಕಲಿತವರು ತುಂಬಿದ ಆಯುಷ್ಯವನ್ನು ಬಾಳಿದ ಉದಾಹರಣೆಗಳು ಬೇಕಾದಷ್ಟಿವೆ.

ಇದು ಪಟ್ಟಣದ ಸಿರಿವಂತರ ರೋಗವೆಂದು ತಿಳಿದಿದ್ದ ಕಾಲವೊಂದಿತ್ತು. ಆ ಭ್ರಮೆಯನ್ನು ಇನ್ನು ಬಿಡತಕ್ಕದ್ದು. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಲಿಯ ಆಶ್ರಯದಲ್ಲಿ ದೇಶದಾದ್ಯಂತ ನಡೆದು 2023ರಲ್ಲಿ ಪ್ರಕಟವಾದ ಅಧ್ಯಯನದ ಅಂದಾಜಿನ ಮೇರೆಗೆ ನಮ್ಮ ದೇಶದಲ್ಲಿ ಮಧುಮೇಹಿಗಳು 10.1 ಕೋಟಿ ಜನರು. ಅದರ ಹೊಸ್ತಿಲಲ್ಲಿ ನಿಂತವರು 13.6 ಕೋಟಿ ಜನರು. ಪ್ರಾಯಕ್ಕೆ ಬಂದವರಲ್ಲಿ ಶೇಕಡಾ 35.5 ಜನರಿಗೆ ರಕ್ತದೊತ್ತಡವಿದೆ. ಅಂದರೆ ಮೂವರಲ್ಲಿ ಒಬ್ಬನಿಗಿಂತಲೂ ಹೆಚ್ಚು. ಅವರಲ್ಲಿ ಎಷ್ಟೋ ಜನರು ತಮಗೆ ರೋಗವಿದೆಯೆಂಬುದನ್ನೇ ಅರಿಯರು. ಗದ್ದೆಯಲ್ಲಿ ಬೆವರು ಸುರಿಸುವವನೂ ಕಡಲಿನಲ್ಲಿ ಬಲೆ ಎಳೆಯುವವನೂ ಈ ಲೆಕ್ಕದ ಹೊರಗಿಲ್ಲ.

ಉತ್ತರ ಕನ್ನಡದ ಜನರು ತಮ್ಮ ಜಿಲ್ಲೆಗೆ ಸರ್ವಸಜ್ಜಿತವಾದ ದೊಡ್ಡ ಆಸ್ಪತ್ರೆಯು ಬೇಕೆಂದು ಬಹುಕಾಲದಿಂದ ಕೂಗುತ್ತಿದ್ದಾರೆ. ಕಾರವಾರದಲ್ಲಿ 2016ರಲ್ಲಿ ವೈದ್ಯಕೀಯ ವಿಜ್ಞಾನಗಳ ಸಂಸ್ಥೆಯು ಆರಂಭವಾಯಿತು. ಆದರೂ ಹೃದಯದ, ಮೆದುಳಿನ ಕಠಿನ ಚಿಕಿತ್ಸೆಗಾಗಿ ರೋಗಿಗಳನ್ನು 200 ಕಿಲೋಮೀಟರಿಗೂ ದೂರದ ಮಣಿಪಾಲಕ್ಕೋ, ಘಟ್ಟ ಹತ್ತಿಸಿ ಹುಬ್ಬಳ್ಳಿಗೋ, ಗಡಿ ದಾಟಿಸಿ ಗೋವೆಗೋ ಒಯ್ಯುವ ಕಷ್ಟವು ತಪ್ಪಲಿಲ್ಲ. 2022ರ ಜುಲೈ 20ರಂದು ಹೊನ್ನಾವರದ ಕಡೆಯಿಂದ ರೋಗಿಯನ್ನು ಕೊಂಡೊಯ್ಯುತ್ತಿದ್ದ ಆಂಬುಲೆನ್ಸ್ ಗಾಡಿಯು ಬೈಂದೂರು ಬಳಿಯ ಶಿರೂರಿನ ಸುಂಕದ ಕಟ್ಟೆಗೆ ಬಡಿದು ನಾಲ್ವರು ಮಡಿದಾಗ, ಆಸ್ಪತ್ರೆಯಿಲ್ಲದೆ ಮತವಿಲ್ಲವೆಂಬ ಕೂಗು ಜಿಲ್ಲೆಯ ತುಂಬ ಎದ್ದಿತು. ಆ ಬೇಡಿಕೆಯು ನ್ಯಾಯವಾದುದೆಂಬಲ್ಲಿ ನಮಗೆ ಸಂಶಯವಿಲ್ಲ.

ಆದರೆ ನಾವು ಹೇಳತಕ್ಕದ್ದೇನೆಂದರೆ, ದೊಡ್ಡ ಆಸ್ಪತ್ರೆಯು ದಾರಿಯ ಕೊನೆಯಲ್ಲಿದೆ. ದಾರಿಯ ಮೊದಲಲ್ಲಿ ಇರುವವಳು ಹಳ್ಳಿಯ ದಾದಿ. ಆಂಬುಲೆನ್ಸನ್ನು ಏರುವ ಹೃದ್ರೋಗಿಯು ಹತ್ತು ವರ್ಷ ಹಿಂದೆ ತಲೆ ತುಸು ಭಾರವೆಂದು ಆಡಿಕೊಳ್ಳುತ್ತ ಮನೆಯ ಜಗಲಿಯ ಮೇಲೆ ಕುಳಿತಿದ್ದವನೇ ಆಗಿರುತ್ತಾನೆ. ಅಂದು ಅವನ ತೋಳಿಗೆ ಪಟ್ಟಿ ಸುತ್ತಿ ಅಳೆದಿದ್ದರೆ, ದಿನಕ್ಕೊಂದು ಅಗ್ಗದ ಗುಳಿಗೆಯನ್ನು ತಪ್ಪದೆ ನುಂಗಿಸಿದ್ದರೆ, ಇಂದಿನ ಆ ಓಟವು ಬಹುಶಃ ಬೇಕಾಗುತ್ತಿರಲಿಲ್ಲ. ಮನೆಗೆ ಬೆಂಕಿ ಬಿದ್ದ ಮೇಲೆ ಬಾವಿ ತೋಡುವವನನ್ನು ನಾವು ನಗುತ್ತೇವೆ. ಆಸ್ಪತ್ರೆಯ ಕಟ್ಟಡವನ್ನೇ ಕೇಳಿ ಹಳ್ಳಿಯ ದಾದಿಯನ್ನು ಮರೆತರೆ ನಾವೂ ಅವನ ಸಾಲಿಗೇ ಸೇರಿದಂತಾಯಿತು.

ಈ ದಾದಿಯ ಪ್ರಶ್ನೆಯು ಹೊಸದೇನೂ ಅಲ್ಲ. ಸ್ವಾತಂತ್ರ್ಯದ ಮುನ್ನಾ ವರ್ಷ, 1946ರಲ್ಲಿ, ಸರ್ ಜೋಸೆಫ್ ಭೋರ್ ಅವರ ಸಮಿತಿಯು ಒಪ್ಪಿಸಿದ ವರದಿಯಲ್ಲಿ ಭಾರತದ 43,000 ಜನರಿಗೆ ಒಬ್ಬಳೇ ದಾದಿಯಿದ್ದಾಳೆಂದು ಲೆಕ್ಕ ಕೊಟ್ಟು, ಹಳ್ಳಿಗಳಿಗೆ ಪ್ರಾಥಮಿಕ ಆರೋಗ್ಯ ಕೇಂದ್ರಗಳು ಬೇಕೆಂದು ಸೂಚಿಸಲಾಗಿತ್ತು. ಆ ಕೇಂದ್ರಗಳು ಹುಟ್ಟಿದವು. ಗುಡ್ಡಗಾಡಿನ ಸೀಮೆಯಲ್ಲಿ 20,000 ಜನರಿಗೊಂದು ಪ್ರಾಥಮಿಕ ಕೇಂದ್ರ, 3,000 ಜನರಿಗೊಂದು ಉಪಕೇಂದ್ರ ಎಂಬುದು ಇಂದಿನ ನಿಯಮ. 2018ರಿಂದ ಈಚೆಗೆ ಉಪಕೇಂದ್ರಗಳಲ್ಲಿ ಶುಶ್ರೂಷಾ ಪದವಿ ಪಡೆದವರನ್ನು ಸಮುದಾಯ ಆರೋಗ್ಯ ಅಧಿಕಾರಿಗಳೆಂದು ನೇಮಿಸಿ, ಮೂವತ್ತು ದಾಟಿದ ಪ್ರತಿಯೊಬ್ಬರನ್ನೂ ರಕ್ತದೊತ್ತಡ, ಮಧುಮೇಹ, ಬಾಯಿ, ಸ್ತನ, ಗರ್ಭಕೊರಳಿನ ಅರ್ಬುದಗಳಿಗಾಗಿ ಪರೀಕ್ಷಿಸುವ ಕೆಲಸವನ್ನು ಅವರಿಗೆ ಒಪ್ಪಿಸಲಾಗಿದೆ. ನಮ್ಮ ರಾಜ್ಯದಲ್ಲಿ 2024ರಲ್ಲಿ ಕೋಲಾರ ಜಿಲ್ಲೆಯಿಂದ ಮೊದಲಾದ ಗೃಹ ಆರೋಗ್ಯ ಯೋಜನೆಯು ಪರೀಕ್ಷೆಯನ್ನು ಮನೆಬಾಗಿಲಿಗೇ ಒಯ್ಯುವ ಉದ್ದೇಶದ್ದು. ಹೀಗೆ ಕಾಗದದ ಮೇಲಿನ ವ್ಯವಸ್ಥೆಯು ಚೆನ್ನಾಗಿದೆ. ಇನ್ನು ಅದು ಕೈಯೊಳಗೆ ಹೇಗೆ ನಡೆಯಬೇಕೆಂಬುದನ್ನು ನೋಡೋಣ.

ಮೊದಲು ರಕ್ತದೊತ್ತಡದ ಮಾತು. ಅಳೆಯುವುದು ಸುಲಭವೆಂದು ತೋರಿದರೂ ತಪ್ಪಾಗಿ ಅಳೆಯುವುದು ಇನ್ನೂ ಸುಲಭ. ಏರು ದಾರಿ ನಡೆದು ಬಂದವನನ್ನು ಒಡನೆಯೇ ಅಳೆಯಬಾರದು. ಐದು ನಿಮಿಷ ಬೆನ್ನಿಗೆ ಆಸರೆ ಕೊಟ್ಟು ಕುಳ್ಳಿರಿಸಬೇಕು. ಕಾಲು ನೆಲದ ಮೇಲಿರಬೇಕು. ತೋಳು ಎದೆಯ ಮಟ್ಟದಲ್ಲಿ ಊರಿರಬೇಕು. ಅಳೆಯುವಾಗ ಇಬ್ಬರೂ ಮಾತನಾಡಬಾರದು. ಅದಕ್ಕೆ ಮುನ್ನ ಅರ್ಧ ತಾಸಿನೊಳಗೆ ಚಹ ಕುಡಿದಿರಬಾರದು, ತಂಬಾಕು ಹಾಕಿರಬಾರದು. ದಪ್ಪ ತೋಳಿಗೆ ಸಣ್ಣ ಪಟ್ಟಿ ಸುತ್ತಿದರೆ ಇಲ್ಲದ ರೋಗವು ಇದ್ದಂತೆ ತೋರುತ್ತದೆ. ಎರಡು ಬೇರೆ ಬೇರೆ ದಿನಗಳಲ್ಲಿ 140ಕ್ಕೆ 90 ಅಥವಾ ಅದಕ್ಕೂ ಮೇಲೆ ಬಂದರೆ ರೋಗವಿದೆಯೆಂದು ತಿಳಿದು ವೈದ್ಯರಲ್ಲಿಗೆ ಕಳಿಸತಕ್ಕದ್ದು. 180ಕ್ಕೆ 110ರ ಮೇಲಿದ್ದು, ಅದರೊಡನೆ ಎದೆನೋವು, ಏದುಸಿರು, ಕಣ್ಣು ಮಂಜಾಗುವುದು, ತಡೆಯಲಾರದ ತಲೆನೋವು ಇದ್ದರೆ ನಾಳೆಗೆಂದು ಬಿಡದೆ ಅಂದೇ ಕಳಿಸತಕ್ಕದ್ದು. ಇಷ್ಟನ್ನು ಶ್ರದ್ಧೆಯಿಂದ ಮಾಡುವ ದಾದಿಯು ಎಷ್ಟು ಕುಟುಂಬಗಳ ಅನ್ನದ ತಟ್ಟೆಯನ್ನು ಉಳಿಸುತ್ತಾಳೆಂಬುದು ಯಾವ ವರದಿಯಲ್ಲಿಯೂ ಬರುವುದಿಲ್ಲ.

ಅಂಕೋಲೆ ತಾಲೂಕಿನ ಬೆಳಂಬಾರ ಗ್ರಾಮವು ಲಕ್ವಾದ ನಾಟಿ ಔಷಧಕ್ಕೆ ಹೆಸರಾದುದು. ದೂರದ ಜಿಲ್ಲೆಗಳಿಂದಲೂ ಜನರು ರೋಗಿಗಳನ್ನು ಕರೆದುಕೊಂಡು ಅಲ್ಲಿಗೆ ಬರುತ್ತಾರೆ. ಜನರ ನಂಬಿಕೆಯನ್ನು ಹಳಿಯುವುದು ನಮ್ಮ ಉದ್ದೇಶವಲ್ಲ. ಆದರೆ ಆ ದಾರಿಯಲ್ಲಿ ಬರುವವರನ್ನು ಕಂಡಾಗ ಒಂದು ವಿಚಾರವು ಮನಸ್ಸಿಗೆ ಬಾರದೆ ಇರದು. ಅವರಲ್ಲಿ ಎಷ್ಟು ಜನರಿಗೆ ರೋಗದ ಮುನ್ನ ರಕ್ತದೊತ್ತಡವನ್ನು ಅಳೆದಿದ್ದರು? ಲಕ್ವಾದ ಮುಖ್ಯ ಕಾರಣವೇ ಹತೋಟಿಯಿಲ್ಲದ ಒತ್ತಡ. ಮುಖವು ಒಂದು ಕಡೆಗೆ ಸೊಟ್ಟಗಾಗುವುದು, ಒಂದು ಕೈ ಸೋತು ಬೀಳುವುದು, ಮಾತು ತೊದಲುವುದು ಈ ಮೂರರಲ್ಲಿ ಒಂದು ಫಕ್ಕನೆ ಕಂಡರೂ ಅದು ಗಳಿಗೆಯ ಲೆಕ್ಕದ ಕೆಲಸ. ಮೆದುಳಿನ ನಾಳದಲ್ಲಿ ಹೆಪ್ಪುಗಟ್ಟಿದ ರಕ್ತವನ್ನು ಕರಗಿಸುವ ಔಷಧವನ್ನು ನಾಲ್ಕೂವರೆ ತಾಸಿನೊಳಗೆ ಮಾತ್ರ ಕೊಡಲು ಬರುತ್ತದೆ. ಅದಕ್ಕೂ ಮೊದಲು ತಲೆಯ ಚಿತ್ರ ತೆಗೆದು ನೋಡಬೇಕು. ಆದುದರಿಂದ ಮೊದಲ ಓಟವು ಆಸ್ಪತ್ರೆಯ ಕಡೆಗೇ ಆಗಬೇಕು. ಈ ಮಾತನ್ನು ಪ್ರತಿ ಮನೆಯಲ್ಲಿಯೂ ಮುಂಚಿತವಾಗಿ ಹೇಳಿಡುವುದು ದಾದಿಯ ಕೆಲಸ. ರೋಗ ಬಂದ ಗಡಿಬಿಡಿಯಲ್ಲಿ ಉಪದೇಶವು ಯಾರ ಕಿವಿಗೂ ಬೀಳುವುದಿಲ್ಲ.

ಒತ್ತಡದ ಮಾತು ಬಂದಾಗ ಉಪ್ಪಿನ ಮಾತೂ ಬರುತ್ತದೆ. ಇದೇ ಅಂಕೋಲೆಯಲ್ಲಿ 1930ರ ಏಪ್ರಿಲಿನಲ್ಲಿ ಎಂ. ಪಿ. ನಾಡಕರ್ಣಿಯವರ ಮುಂದಾಳುತನದಲ್ಲಿ ಜನರು ಉಪ್ಪಿನ ಕಾಯಿದೆಯನ್ನು ಮುರಿದರು. ಕರ್ನಾಟಕದ ಬಾರ್ಡೋಲಿಯೆಂಬ ಕೀರ್ತಿಯು ಈ ತಾಲೂಕಿಗೆ ಬಂದಿತು. ಬಡವನ ಗಂಜಿಯ ಉಪ್ಪಿನ ಮೇಲೆ ಪರಕೀಯನು ತೆರಿಗೆ ಹಾಕಬಾರದೆಂದು ಅಂದು ಹೋರಾಡಿದ ಜನರ ಮೊಮ್ಮಕ್ಕಳು, ಇಂದು ಅದೇ ಉಪ್ಪನ್ನು ತಾವೇ ಮನಸಾರೆ ಕಡಿಮೆ ಮಾಡಬೇಕಾದ ಕಾಲವು ಬಂದಿದೆ. ದಿನಕ್ಕೆ ಒಬ್ಬನಿಗೆ ಐದು ಗ್ರಾಮಿಗಿಂತ ಕಡಿಮೆ, ಅಂದರೆ ಒಂದು ಚಹದ ಚಮಚಕ್ಕೆ ಮೀರದಷ್ಟು ಉಪ್ಪು ಸಾಕೆಂಬುದು ವಿಶ್ವ ಆರೋಗ್ಯ ಸಂಸ್ಥೆಯ ಮಾತು. ಮಳೆಗಾಲದಲ್ಲಿ ಒಣಮೀನು, ಅಪ್ಪೆಮಿಡಿಯ ಉಪ್ಪಿನಕಾಯಿ, ಹಪ್ಪಳ, ಸಂಡಿಗೆಗಳನ್ನೇ ನೆಚ್ಚಿದ ನಮ್ಮ ಕರಾವಳಿಯ ಊಟಕ್ಕೆ ಇದು ಕಠಿನವೇ ಸರಿ. ಆದರೆ 'ಉಪ್ಪು ಬಿಡಿ' ಎಂದು ಹೇಳಿ ಹೊರಟುಹೋಗುವ ದಾದಿಯ ಮಾತು ನಿಲ್ಲುವುದಿಲ್ಲ. ಒಣಮೀನನ್ನು ಎರಡು ಮೂರು ನೀರಿನಲ್ಲಿ ತೊಳೆದು ನೆನೆಯಿಟ್ಟು ಬೇಯಿಸಿರಿ, ಗಂಜಿಗೆ ಬೇರೆ ಉಪ್ಪು ಹಾಕಬೇಡಿರಿ, ಹುಳಿಗೆ ಕೋಕಮ್ಮು ತುಸು ಹೆಚ್ಚಿರಲಿ ಎಂದು ಒಲೆಯ ಬಳಿ ಕುಳಿತು ಹೇಳಬಲ್ಲವಳ ಮಾತು ನಿಲ್ಲುತ್ತದೆ.

ಇನ್ನು ಮಧುಮೇಹ. ಬಾಯಾರಿಕೆ, ಅಡಿಗಡಿಗೆ ಮೂತ್ರ, ಕಾರಣವಿಲ್ಲದೆ ಮೈ ಇಳಿಯುವುದು, ಮಾಯದ ಗಾಯ ಇವು ಅದರ ಹಳೆಯ ಗುರುತುಗಳು. ಆದರೆ ಇವೆಲ್ಲ ಕಾಣುವ ವರೆಗೆ ಕಾದರೆ ಹೊತ್ತು ಮೀರುತ್ತದೆ. ಬೆರಳ ತುದಿಯ ಒಂದು ಹನಿ ರಕ್ತವು ಸಂಶಯವನ್ನು ಹುಟ್ಟಿಸಲು ಸಾಕು. ಪ್ರಯೋಗಶಾಲೆಯಲ್ಲಿ ಬರಿಹೊಟ್ಟೆಯ ರಕ್ತದ ಸಕ್ಕರೆಯು 126 ಅಥವಾ ಮೇಲಿದ್ದರೆ ಅದು ನಿಶ್ಚಯವಾದಂತೆ. ದಾದಿಗೆ ಒಂದು ವಿಶೇಷ ಅನುಕೂಲವುಂಟು. ಊರಿನ ಬಸುರಿಯರೆಲ್ಲರನ್ನೂ ಅವಳು ಬಲ್ಲಳು. ಗರ್ಭಿಣಿಯಾಗಿದ್ದಾಗ ಸಕ್ಕರೆಯ ಏರಿಕೆ ಕಂಡಿದ್ದ ಹೆಣ್ಣುಮಗಳಿಗೆ ಮುಂದೆ ಈ ರೋಗವು ಬರುವ ಸಂಭವ ಹೆಚ್ಚು. ಹೆರಿಗೆಯೊಡನೆ ಅವಳ ಹೆಸರನ್ನು ವಹಿಯಿಂದ ತೆಗೆಯದೆ ವರ್ಷ ವರ್ಷವೂ ಪರೀಕ್ಷಿಸುವುದು ಬುದ್ಧಿವಂತಿಕೆ. ಅದರಂತೆಯೇ ಎರಡು ವಾರ ಮೀರಿ ಕೆಮ್ಮುವ ಮಧುಮೇಹಿಯ ಕಫವನ್ನು ಕ್ಷಯಕ್ಕಾಗಿ ಪರೀಕ್ಷಿಸದೆ ಬಿಡಬಾರದು. ಸಕ್ಕರೆ ಹೆಚ್ಚಿದ ಮೈಯಲ್ಲಿ ಕ್ಷಯವು ಎರಡು ಮೂರು ಪಟ್ಟು ಸುಲಭವಾಗಿ ಬೇರೂರುತ್ತದೆ.

ಮಧುಮೇಹಿಯ ಪಾದವನ್ನು ನೋಡದ ಶುಶ್ರೂಷೆಯು ಶುಶ್ರೂಷೆಯೇ ಅಲ್ಲ. ನಮ್ಮ ಜನರು ಬರಿಗಾಲಿನಲ್ಲಿ ಕೆಸರಿಗೆ ಇಳಿಯುವವರು, ಜಂಬಿಟ್ಟಿಗೆಯ ನೆಲದ ಮೇಲೆ ನಡೆಯುವವರು. ಕಾಲಿನ ಅರಿವು ಸತ್ತವನಿಗೆ ಮುಳ್ಳು ಚುಚ್ಚಿದ್ದು ತಿಳಿಯದು, ಒಲೆಯ ಕೆಂಡ ತಾಗಿದ್ದೂ ತಿಳಿಯದು. ಗಾಯ ಕೊಳೆತು ಕಾಲನ್ನೇ ಕತ್ತರಿಸುವ ಪ್ರಸಂಗವು ಹೀಗೆ ಒದಗುತ್ತದೆ. ದಾದಿಯು ಪ್ರತಿ ಭೇಟಿಯಲ್ಲಿಯೂ ಬೆರಳ ಸಂದುಗಳನ್ನು ಬಿಡಿಸಿ ನೋಡತಕ್ಕದ್ದು. ರಾತ್ರಿ ಮಲಗುವ ಮುನ್ನ ಮಗಳೋ ಸೊಸೆಯೋ ಅಂಗಾಲನ್ನು ದೀಪದ ಬೆಳಕಿನಲ್ಲಿ ನೋಡುವ ರೂಢಿಯನ್ನು ಕಲಿಸತಕ್ಕದ್ದು. ಗುಳಿಗೆ ಅಥವಾ ಇನ್ಸುಲಿನ್ ತೆಗೆದುಕೊಂಡು ಊಟ ತಪ್ಪಿಸಿದವನಿಗೆ ತಣ್ಣನೆಯ ಬೆವರು, ನಡುಕ, ಗೊಂದಲ ಕಂಡರೆ ಅವನು ಕುಡಿದಿದ್ದಾನೆಂದು ಬಯ್ಯುವವರೂ ಉಂಟು. ಅದು ಸಕ್ಕರೆಯು ಇಳಿದುದರ ಚಿಹ್ನೆ. ಎಚ್ಚರವಿದ್ದರೆ ಮೂರು ಚಹದ ಚಮಚ ಸಕ್ಕರೆಯನ್ನು ನೀರಿನಲ್ಲಿ ಕಲಸಿ ಕುಡಿಸಿ, ಹದಿನೈದು ನಿಮಿಷದ ಮೇಲೆ ಮತ್ತೆ ನೋಡಬೇಕು. ಎಚ್ಚರ ತಪ್ಪಿದ್ದರೆ ಬಾಯಿಗೆ ಏನನ್ನೂ ಹಾಕದೆ ಆಸ್ಪತ್ರೆಗೆ ಒಯ್ಯಬೇಕು. ಗಾಳಿಮಳೆಗೆ ತಂತಿ ಹರಿದು ದಿನಗಟ್ಟಲೆ ವಿದ್ಯುತ್ತು ನಿಂತಾಗ, ಶೀತಪೆಟ್ಟಿಗೆಯಿಲ್ಲದ ಮನೆಯಲ್ಲಿ, ಬಳಕೆಯಲ್ಲಿರುವ ಇನ್ಸುಲಿನ್ನನ್ನು ನೀರು ಸೋಕದಂತೆ ಡಬ್ಬಿಯಲ್ಲಿಟ್ಟು, ಒದ್ದೆ ಬಟ್ಟೆ ಸುತ್ತಿದ ಮಣ್ಣಿನ ಗಡಿಗೆಯೊಳಗೆ ನೆರಳಿನಲ್ಲಿ ಇಟ್ಟರೆ ಸುಮಾರು ನಾಲ್ಕು ವಾರ ಉಪಯೋಗಿಸಲು ಬರುತ್ತದೆಂಬುದನ್ನೂ ಹೇಳಿಕೊಡತಕ್ಕದ್ದು.

ಉಬ್ಬಸದ ವಿಷಯದಲ್ಲಿಯೂ ಒಂದು ಅನ್ಯಾಯ ನಡೆದಿದೆ. ಬೀಡಿ ಸೇದುವ ಗಂಡಸಿನ ಕೆಮ್ಮನ್ನು ಎಲ್ಲರೂ ಗಮನಿಸುತ್ತಾರೆ. ಆದರೆ ಮೂವತ್ತು ವರ್ಷ ಕಟ್ಟಿಗೆಯ ಒಲೆಯ ಮುಂದೆ ಕುಳಿತು ಊದುಗೊಳವೆ ಊದಿದ ಹೆಂಗಸಿನ ಎದೆಯಲ್ಲಿ ತುಂಬಿದ ಹೊಗೆಯನ್ನು ಲೆಕ್ಕ ಹಾಕಿದವರಿಲ್ಲ. ಬಾವಿಯಿಂದ ನೀರು ತರುವಾಗ ದಾರಿಯಲ್ಲಿ ಎರಡು ಸಲ ಕುಳಿತುಕೊಳ್ಳುವ ತಾಯಿಯನ್ನು 'ವಯಸ್ಸಾಯಿತು' ಎಂದು ತಳ್ಳಿಬಿಡದೆ, ಎಂದಿನಿಂದ ಹೀಗಾಗಿದೆಯೆಂದು ಕೇಳುವುದು ದಾದಿಯ ಕಣ್ಣಿಗೆ ಸೇರಿದ ಕೆಲಸ. ಸೇದುವ ಔಷಧವು ಚಟವಾಗುತ್ತದೆಂಬ ಹೆದರಿಕೆಯನ್ನು ಬಿಡಿಸಿ, ಉಸಿರನ್ನು ಪೂರ್ತಿ ಹೊರಬಿಟ್ಟು, ಮೆಲ್ಲನೆ ಒಳಗೆಳೆದು, ಹತ್ತೆಣಿಸುವ ವರೆಗೆ ಹಿಡಿದು, ಆಮೇಲೆ ಬಾಯಿ ಮುಕ್ಕಳಿಸುವ ಕ್ರಮವನ್ನು ಎದುರಿಗೆ ಮಾಡಿಸಿ ನೋಡಬೇಕು. ಕೈಗೆ ಕೊಟ್ಟ ಔಷಧವು ಎದೆಗೆ ಮುಟ್ಟುವುದು ಈ ಕಲಿಕೆಯಿಂದಲೇ.

ಕೈಗಾದ ನೆರೆಹೊರೆಯಲ್ಲಿ ಅರ್ಬುದದ ಹೆಸರೆತ್ತಿದೊಡನೆ ಜನರ ಮನಸ್ಸು ಸ್ಥಾವರದ ಕಡೆಗೆ ಹೊರಳುವುದು ಸ್ವಾಭಾವಿಕ. ಈ ಭಯವನ್ನು ಬೆಳೆಸುವುದೂ ಸಲ್ಲದು, ಗೇಲಿ ಮಾಡುವುದೂ ಸಲ್ಲದು. ಅದಕ್ಕೆ ಉತ್ತರವು ದಾದಿಯ ದಫ್ತರಿನಲ್ಲಿದೆ. ಯಾವ ಊರು, ಯಾವ ವಯಸ್ಸು, ಯಾವ ಕಸುಬು, ಯಾವ ಅಂಗ, ಯಾವ ವರ್ಷ ಎಂಬುದನ್ನು ಬಿಡದೆ ಬರೆದಿಟ್ಟರೆ ಮಾತ್ರ ಯಾವುದು ನಿಜ, ಯಾವುದು ಊಹೆ ಎಂದು ಹೇಳಲು ಬಂದೀತು. ಆ ಲೆಕ್ಕವನ್ನು ಜನರ ಮುಂದೆ ಬಿಚ್ಚಿಡುವುದು ಸರಕಾರದ ಧರ್ಮ. ಈ ನಡುವೆ ಸಂಶಯಕ್ಕೆ ಎಡೆಯಿಲ್ಲದ ಒಂದು ಕಾರಣವು ನಮ್ಮ ಎಲೆಯಡಿಕೆಯ ಚೀಲದಲ್ಲಿಯೇ ಇದೆ. ತಂಬಾಕು ಅಗಿಯುವವನ ಬಾಯಲ್ಲಿ ಎರಡು ವಾರವಾದರೂ ಮಾಯದ ಹುಣ್ಣು, ಬಿಳಿ ಅಥವಾ ಕೆಂಪು ಮಚ್ಚೆ, ಬಾಯಿ ತೆರೆಯಲು ಬಿಗಿತ ಕಂಡರೆ ತಡಮಾಡದೆ ತೋರಿಸತಕ್ಕದ್ದು. ಮೊದಲ ಹಂತದಲ್ಲಿ ಹಿಡಿದ ಅರ್ಬುದವು ಗುಣವಾಗುವ ಆಸೆಯಿದೆ.

ರೋಗವನ್ನು ಗುರುತಿಸುವುದು ಅರ್ಧ ಕೆಲಸ. ಅದೂ ಸುಲಭದ ಅರ್ಧ. ಪರೀಕ್ಷೆಯ ಶಿಬಿರಗಳು ನಡೆಯುತ್ತವೆ, ಅಂಕಿಗಳು ಮೇಲಕ್ಕೆ ಹೋಗುತ್ತವೆ, ಭಾವಚಿತ್ರಗಳು ಬರುತ್ತವೆ. ಆರು ತಿಂಗಳ ಮೇಲೆ ಅದೇ ಮನೆಗೆ ಹೋಗಿ ನೋಡಿದರೆ ಗುಳಿಗೆಯ ಪೊಟ್ಟಣವು ಗೂಡಿನಲ್ಲಿ ಧೂಳು ತಿನ್ನುತ್ತಿರುತ್ತದೆ. 'ಅಜ್ಜೀ, ಗುಳಿಗೆ ಯಾಕೆ ಬಿಟ್ಟಿರಿ?' ಎಂದು ಕೇಳಿದರೆ, 'ತಲೆನೋವು ಹೋಯ್ತಲ್ರಾ ಅಕ್ಕೋರೆ, ಇನ್ನೂ ಯಾಕೆ?' ಎಂಬ ಉತ್ತರವು ಯಾವ ಹಳ್ಳಿಯಲ್ಲಿಯೂ ಸಿಕ್ಕೀತು. ಆ ಅಜ್ಜಿಯ ತರ್ಕದಲ್ಲಿ ತಪ್ಪೇನಿದೆ? ಜ್ವರ ಬಿಟ್ಟ ಮೇಲೆ ಕಷಾಯ ನಿಲ್ಲಿಸಬೇಕೆಂದೇ ಅವಳಿಗೆ ತಲೆಮಾರುಗಳು ಕಲಿಸಿವೆ. ಹೊಸ ರೋಗದ ಹೊಸ ನೀತಿಯನ್ನು, ಮೈಗೆ ಹಿತವೆನಿಸಿದಾಗಲೂ ಔಷಧ ನಿಲ್ಲಿಸಬಾರದೆಂಬುದನ್ನು, ಅವಳಿಗೆ ಕಲಿಸಬೇಕಾದವರು ಕಲಿಸಲಿಲ್ಲವೆಂಬುದೇ ನಿಜವಾದ ತಪ್ಪು. ಇನ್ನು ಕೂಲಿಯವನಿಗೆ ಆಸ್ಪತ್ರೆಯ ಒಂದು ದಿನವೆಂದರೆ ಒಂದು ದಿನದ ಕೂಲಿಯ ನಷ್ಟ. ಮೀನುಗಾರನು ದಿನಗಟ್ಟಲೆ ಕಡಲಿನ ಮೇಲಿರುತ್ತಾನೆ. ದೋಣಿಗೆ ಅಕ್ಕಿಯೊಡನೆ ಗುಳಿಗೆಯನ್ನೂ ಏರಿಸಬೇಕೆಂದು ಅವನಿಗೆ ಹೇಳಿದವರಾರು?

ಆದುದರಿಂದ ದೀರ್ಘರೋಗದ ಚಿಕಿತ್ಸೆಯ ಪ್ರಾಣವು ಮರಳಿ ಹೋಗುವುದರಲ್ಲಿದೆ. ಪ್ರತಿ ಉಪಕೇಂದ್ರದಲ್ಲಿ ಒಂದು ವಹಿ ಇರಲಿ. ಅದರಲ್ಲಿ ರೋಗಿಯ ಹೆಸರಿನ ಮುಂದೆ ತಿಂಗಳಿಗೊಂದು ಮನೆ ಇರಲಿ. ಬಂದವರ ಮನೆಗೆ ಅಂಕಿ ಬೀಳಲಿ. ಬಾರದವರ ಮನೆ ಖಾಲಿ ಉಳಿಯಲಿ. ತಿಂಗಳ ಕೊನೆಗೆ ಆ ಖಾಲಿ ಮನೆಗಳ ಪಟ್ಟಿಯನ್ನು ಹಿಡಿದು ಆಶಾ ಕಾರ್ಯಕರ್ತೆಯು ಊರೊಳಗೆ ಹೊರಡಲಿ. ಎಷ್ಟು ಜನರನ್ನು ಪರೀಕ್ಷಿಸಿದಿರೆಂದು ಮೇಲಧಿಕಾರಿಗಳು ಕೇಳುವುದನ್ನು ಕಡಿಮೆ ಮಾಡಿ, ಎಷ್ಟು ಜನರ ಒತ್ತಡವು ಹತೋಟಿಗೆ ಬಂದಿದೆಯೆಂದು ಕೇಳಲಿ. ಈ ಒಂದು ಪ್ರಶ್ನೆಯು ಬದಲಾದರೆ ಇಡೀ ಕೆಲಸದ ಮುಖವೇ ಬದಲಾದೀತೆಂದು ನಮ್ಮ ನಂಬಿಕೆ.

ಈ ಸೀಮೆಗೆ ಇನ್ನೊಂದು ವಿಶೇಷ ವಿಪತ್ತುಂಟು, ಅದು ಮಳೆ. 2019ರ ಆಗಸ್ಟಿನಲ್ಲಿ ಕದ್ರಾ ಆಣೆಕಟ್ಟಿನಿಂದ ಬಿಟ್ಟ ನೀರು ಕಾಳಿಯ ದಂಡೆಯ ಹಳ್ಳಿಗಳನ್ನು ಮುಳುಗಿಸಿತು. 2024ರ ಜುಲೈ 16ರಂದು ಅಂಕೋಲೆ ತಾಲೂಕಿನ ಶಿರೂರಿನಲ್ಲಿ ಗುಡ್ಡ ಕುಸಿದು ಜೀವಹಾನಿಯಾಯಿತು. ಹೆದ್ದಾರಿಯು ದಿನಗಟ್ಟಲೆ ಮುಚ್ಚಿತು. ಅದೇ ವರ್ಷದ ಆಗಸ್ಟ್ 7ರಂದು ಕಾರವಾರದಲ್ಲಿ ಕಾಳಿಯ ಹಳೆಯ ಸೇತುವೆಯು ಮುರಿದು ಬಿದ್ದಿತು. ದಾರಿ ಮುಚ್ಚಿದ ದಿನ ಸಕ್ಕರೆಯೂ ಒತ್ತಡವೂ ರಜೆ ತೆಗೆದುಕೊಳ್ಳುವುದಿಲ್ಲ. ಮಳೆಗಾಲಕ್ಕೆಂದು ಕಟ್ಟಿಗೆ, ಅಕ್ಕಿ, ಒಣಮೀನು ಕೂಡಿಡುವುದು ನಮ್ಮ ಜನರಿಗೆ ಗೊತ್ತು. ಅದರಂತೆಯೇ ಮೃಗಶಿರಾ ಮಳೆ ಹಿಡಿಯುವುದರೊಳಗೆ ಪ್ರತಿ ರೋಗಿಯ ಕೈಯಲ್ಲಿ ಎರಡು ತಿಂಗಳ ಔಷಧವಿರಬೇಕು. ಇದಕ್ಕೆ ಹೊಸ ಕಟ್ಟಡ ಬೇಡ, ಹೊಸ ಯಂತ್ರ ಬೇಡ; ಏಪ್ರಿಲಿನಲ್ಲಿಯೇ ಉಗ್ರಾಣಕ್ಕೆ ಔಷಧ ಕಳಿಸುವ ಮುಂದಾಲೋಚನೆಯೊಂದೇ ಸಾಕು.

ದಾದಿಯ ಮಾತು ರೋಗಿಯ ಮಾತಾಗಿರಬೇಕೆಂಬುದೂ ಮರೆಯತಕ್ಕ ಸಂಗತಿಯಲ್ಲ. ಕಾರವಾರದ ಕಡೆ ಕೊಂಕಣಿ ಮನೆಮಾತು. ಅಂಕೋಲೆಯ ಹಾಲಕ್ಕಿ ಒಕ್ಕಲಿಗರ ಕನ್ನಡಕ್ಕೆ ಅದರದೇ ಬನಿಯುಂಟು. ಬಯಲುಸೀಮೆಯಿಂದ ಬಂದ ದಾದಿಯು ಆ ಮಾತಿಗೆ ಕಿವಿಗೊಡುವಷ್ಟರಲ್ಲಿಯೇ ವರ್ಗವಾಗಿ ಹೋದರೆ ಫಲವೇನು? ಊರಿನೊಳಗಿಂದಲೇ ಎದ್ದ ಮಾತಿನ ಬಲವನ್ನು ಈ ತಾಲೂಕು ಬಲ್ಲುದು. 2025ರ ಫೆಬ್ರುವರಿಯಲ್ಲಿ ತೀರಿಕೊಂಡ ಬಡಗೇರಿಯ ಸುಕ್ರಿ ಬೊಮ್ಮಗೌಡರು ಹಾಡಿನ ಕಣಜವೆಂದು ಪದ್ಮಶ್ರೀ ಪಡೆದವರು. ಶಾಲೆಯ ವಿದ್ಯೆಯಿಲ್ಲದ ಆ ಹಿರಿಯಳು ತನ್ನ ಜನರೊಳಗೆ ಹೆಂಡಸಾರಾಯಿಗಳ ವಿರುದ್ಧ ಹೆಂಗಸರನ್ನು ಕಟ್ಟಿ ನಿಲ್ಲಿಸಿದಳು. ಯಕೃತ್ತನ್ನೂ ಹೃದಯವನ್ನೂ ಕೆಡಿಸುವ ಕುಡಿತದ ಮೇಲೆ ಅವಳ ಮಾತು ಮಾಡಿದ ಕೆಲಸವನ್ನು ಗೋಡೆಗೆ ಅಂಟಿಸಿದ ಯಾವ ಪ್ರಕಟಣೆಯೂ ಮಾಡಲಾರದು. ಇಂಥ ಹಿರಿಯರನ್ನು ದಾದಿಯು ತನ್ನ ಜೊತೆಗೆ ಕರೆದುಕೊಳ್ಳಬೇಕು.

ಆದರೆ ದಾದಿಯ ಮೇಲೆ ಇಷ್ಟೆಲ್ಲ ಹೊರೆ ಹೊರಿಸುವ ನಾವು ಅವಳಿಗೆ ಕೊಡುವುದೇನು? ಅಡವಿಯ ದಾರಿ, ಇಂಬಳಗಳು ಹತ್ತುವ ಕಾಲುಹಾದಿ, ಸಂಜೆಯ ಮೇಲೆ ವಾಹನವಿಲ್ಲದ ಊರು, ಹೆರಿಗೆ, ಲಸಿಕೆ, ಜ್ವರದ ಸಮೀಕ್ಷೆ ಇವೆಲ್ಲ ಮುಗಿದ ಮೇಲೆ ಮೊಬೈಲಿನಲ್ಲಿ ಅಂಕಿ ತುಂಬುವ ರಾತ್ರಿಯ ದುಡಿತ. ಅವಳಿಗೆ ಉಪಕೇಂದ್ರದ ಬಳಿ ವಾಸಯೋಗ್ಯವಾದ ಮನೆಯಿರಲಿ. ವರ್ಷಕ್ಕೊಮ್ಮೆ ಸರಿನೋಡಿಸಿದ ಅಳತೆಯ ಸಾಧನವಿರಲಿ. ಕಡಿಮೆಯೆಂದರೆ ಮೂರು ವರ್ಷ ಒಂದೇ ಕಡೆ ನಿಲ್ಲುವ ಅವಕಾಶವಿರಲಿ. ವೈದ್ಯರು ಗೊತ್ತುಮಾಡಿದ ಗುಳಿಗೆಯನ್ನು ತಿಂಗಳು ತಿಂಗಳು ತಾನೇ ಕೊಡುವ ಅಧಿಕಾರವೂ, ಸಂಶಯ ಬಂದಾಗ ದೂರವಾಣಿಯಲ್ಲಿ ಉತ್ತರ ಕೊಡುವ ವೈದ್ಯರೂ ಇರಲಿ. ಖಾಲಿ ಹುದ್ದೆಯನ್ನು ನೆರೆಯ ಕೇಂದ್ರದವಳ ಹೆಗಲ ಮೇಲೆ ಹೊರಿಸಿ ಲೆಕ್ಕ ಸರಿಪಡಿಸುವ ರೂಢಿಯು ನಿಲ್ಲಲಿ. ನೆಲವನ್ನೂ ನೀರನ್ನೂ ಈ ಸೀಮೆಯಿಂದ ಪಡೆದ ಉದ್ಯಮಗಳು ತಮ್ಮ ಸಾಮಾಜಿಕ ನಿಧಿಯ ಒಂದು ಪಾಲನ್ನು ಮೊದಲು ಈ ಉಪಕೇಂದ್ರಗಳಿಗೆ ಮೀಸಲಿಡಲಿ.

ಜನರಿಗೂ ಒಂದು ಮಾತು. ಸರಕಾರದ ಮೇಲೆ ಬೊಟ್ಟು ಮಾಡುವ ನಮ್ಮ ಹಕ್ಕಿನೊಡನೆ ನಮ್ಮ ಕರ್ತವ್ಯವೂ ಇದೆ. ಗ್ರಾಮಸಭೆಯಲ್ಲಿ ರಸ್ತೆ, ದೀಪಗಳ ಸಂಗಡ ಉಪಕೇಂದ್ರದ ಔಷಧದ ಲೆಕ್ಕವನ್ನೂ ಕೇಳೋಣ. ಮೂವತ್ತು ದಾಟಿದ ಪ್ರತಿಯೊಬ್ಬನೂ ವರ್ಷಕ್ಕೊಮ್ಮೆ ತೋಳು ಚಾಚಿ ಅಳತೆ ಕೊಡೋಣ. ಅಂಗಳಕ್ಕೆ ಬಂದ ದಾದಿಗೆ ಮಣೆ ಹಾಕಿ ಕುಳ್ಳಿರಿಸೋಣ. ಅವಳು ಹೇಳಿದ್ದನ್ನು ಅವಳು ಹೋದ ಮೇಲೆಯೂ ಪಾಲಿಸೋಣ.

ಕೈಗಾದಲ್ಲಿ ಯಂತ್ರವೊಂದನ್ನು 962 ದಿನ ಕಣ್ಣಿನಲ್ಲಿ ಕಣ್ಣಿಟ್ಟು ಕಾದ ದೇಶವಿದು. ಅಷ್ಟೇ ಶ್ರದ್ಧೆಯಿಂದ, ಅದೇ ಕಾಳಿಯ ದಂಡೆಯ ಒಬ್ಬ ಮುದುಕಿಯ ರಕ್ತದೊತ್ತಡವನ್ನು ತಿಂಗಳಿಗೊಮ್ಮೆ ಅಳೆದು ಬರೆದಿಡುವುದು ಈ ದೇಶಕ್ಕೆ ಆಗದ ಕೆಲಸವೆಂದು ನಾವು ನಂಬಲಾರೆವು. ದೊಡ್ಡ ಆಸ್ಪತ್ರೆಯು ಬರಲಿ, ಬೇಗ ಬರಲಿ. ಅದು ಬರುವ ವರೆಗೆ, ಬಂದ ಮೇಲೆಯೂ, ನಮ್ಮ ಹಳ್ಳಿಗಳ ಆರೋಗ್ಯವು ದಾದಿಯ ವಹಿಯ ಆ ಸಣ್ಣ ಮನೆಗಳು ಖಾಲಿ ಉಳಿಯದಿರುವುದರ ಮೇಲೆಯೇ ನಿಂತಿದೆ.